ಮಗಳಿಗೊಂದು ಪತ್ರ: ಒಂದೇ ಮನೆಯ ಐದು ಜನ

ಪುಟ್ಟೀ,

ನೀನು ಹಾಸ್ಟೆಲಿಗೆ ಹೊರಡುವ ಹಿಂದಿನ ರಾತ್ರಿ ನಾವಿಬ್ಬರೂ ‘ಎ ರೈಸಿನ್ ಇನ್ ದ ಸನ್’ ಚಿತ್ರ ನೋಡಿದೆವಲ್ಲ, ಆಮೇಲೆ ನೀನು ಕೇಳಿದ ಮಾತು ಇನ್ನೂ ನನ್ನ ತಲೆಯಲ್ಲೇ ಇದೆ. “ವೈವಿಧ್ಯ ವೈವಿಧ್ಯ ಅಂತೀಯಲ್ಲಮ್ಮ, ಇದರಲ್ಲಿ ಎಲ್ಲಿದೆ? ಮನೆತುಂಬ ಕಪ್ಪು ಜನರೇ” ಅಂದೆ. ನಾನು ನಿದ್ದೆಗಣ್ಣಲ್ಲಿ ಏನೋ ಹೇಳಿ ಮಲಗಿಬಿಟ್ಟೆ. ಈಗ ಸರಿಯಾಗಿ ಹೇಳುತ್ತೇನೆ, ಕೇಳು.

ಆ ಮನೆಯ ಐವರನ್ನೇ ಇನ್ನೊಮ್ಮೆ ನೆನಪಿಸಿಕೋ. ಶಿಕಾಗೋದ ಇಕ್ಕಟ್ಟಾದ ಮನೆ. ಹುಡುಗ ಟ್ರಾವಿಸ್ ಮಲಗುವುದು ಸೋಫಾದ ಮೇಲೆ, ಬಚ್ಚಲಿಗೆ ಅಕ್ಕಪಕ್ಕದವರ ಜೊತೆ ಸರದಿ. ತೀರಿಹೋದ ಯಜಮಾನನ ವಿಮೆ ಹಣ 10,000 ಡಾಲರ್ ಬರುತ್ತದೆ. ಅಜ್ಜಿ ಲೀನಾಳಿಗೆ ಸ್ವಂತ ಮನೆಯಾಗಬೇಕು. ಮಗ ವಾಲ್ಟರ್‌ಗೆ ಮದ್ಯದಂಗಡಿ ಹಾಕಬೇಕು. ಮಗಳು ಬೆನೀತಾಗೆ ಡಾಕ್ಟರ್ ಆಗಬೇಕು. ಸೊಸೆ ರೂತ್‌ಗೆ ಅಲ್ಲಿಂದ ಹೊರಬಿದ್ದರೆ ಸಾಕು. ದೇವರಿಲ್ಲ ಅಂದ ಮಗಳ ಕೆನ್ನೆಗೆ ತಾಯಿ ಬಾರಿಸುತ್ತಾಳೆ! ಬೆನೀತಾಳ ಸ್ನೇಹಕ್ಕೆ ಹಂಬಲಿಸುವ ಇಬ್ಬರು ಹುಡುಗರಲ್ಲೂ ನೈಜೀರಿಯಾದವನು ಒಂದು ದಿಕ್ಕು, ಶ್ರೀಮಂತ ಮನೆಯವನು ಇನ್ನೊಂದು ದಿಕ್ಕು. ಬಣ್ಣ ಒಂದೇ, ಒಬ್ಬರಿಗಿದ್ದ ಕನಸು ಇನ್ನೊಬ್ಬರಿಗಿಲ್ಲ. ನಾನು ವೈವಿಧ್ಯ ಅಂದಿದ್ದು ಇದಕ್ಕೆ.

ಇನ್ನೊಂದನ್ನು ಗಮನಿಸಿದೆಯಾ? ವಾಲ್ಟರ್ ಸಾಹುಕಾರನ ಕಾರು ಓಡಿಸುತ್ತಾನೆ, ರೂತ್ ಕಂಡವರ ಮನೆಗೆಲಸ ಮಾಡುತ್ತಾಳೆ. ಅದುವರೆಗಿನ ಹಾಲಿವುಡ್‌ ಚಿತ್ರಗಳಲ್ಲಿ ಇಂಥವರು ಹೆಚ್ಚಾಗಿ ಬಿಳಿಯರ ಮನೆಯ ಬಾಗಿಲು ತೆಗೆಯಲು, ತಟ್ಟೆ ತಂದಿಡಲು ಬರುತ್ತಿದ್ದರು. ಈ ಚಿತ್ರದ ಕ್ಯಾಮೆರಾ ಅವರು ಕೆಲಸ ಮುಗಿಸಿ ಮರಳುವ ಮನೆಯೊಳಗೇ ಕಾದು ಕೂತಿದೆ.

ಕಾರಣ, ಬರೆದವಳು ಆ ಜನರ ನಡುವೆಯೇ ಬೆಳೆದವಳು. ಲೊರೇನ್ ಹ್ಯಾನ್ಸ್‌ಬೆರಿ. 1959ರಲ್ಲಿ ಇದು ನಾಟಕವಾಗಿ ಬಂದಾಗ, ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಕಪ್ಪು ಮಹಿಳೆಯೊಬ್ಬಳ ನಾಟಕ ಆಡಿದ್ದು ಅದೇ ಮೊದಲು. ಚಿತ್ರಕಥೆಯೂ ಅವಳದೇ, 1961ರ ಈ ಚಿತ್ರದ ನಿರ್ದೇಶಕ ಡೇನಿಯಲ್ ಪೆಟ್ರಿ ಮಾತ್ರ ಬಿಳಿಯ. ಅವಳು ಚಿಕ್ಕವಳಿದ್ದಾಗ ತಂದೆ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡಿದ್ದರು. ಜನ ಮನೆಯ ಮುಂದೆ ಗುಂಪುಗೂಡಿ ಕಲ್ಲೆಸೆದರು. ಅವರನ್ನು ಅಲ್ಲಿಂದ ಎಬ್ಬಿಸಲು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಗಿ 1940ರಲ್ಲಿ ತಂದೆ ಗೆದ್ದರು. ಆದರೆ ಗೆದ್ದದ್ದು ಕಾನೂನಿನ ಒಂದು ತಾಂತ್ರಿಕ ಅಂಶದ ಮೇಲೆ. ಕಪ್ಪು ಜನರಿಗೆ ಮನೆ ಮಾರಕೂಡದೆಂಬ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂಬ ತೀರ್ಪು ಬರಲು 1948 ಆಗಬೇಕಾಯಿತು.

ಅದಕ್ಕೇ, ಲೀನಾ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡಾಗ ಅಲ್ಲಿಯವರ ಪರವಾಗಿ ಬರುವ ಆ ಲಿಂಡ್ನರ್ ನನಗೆ ಅಷ್ಟು ಭಯ ಹುಟ್ಟಿಸುವುದು. ಕಲ್ಲು ಹೊತ್ತು ಬರುವವನಲ್ಲ, ಗದರುವವನೂ ಅಲ್ಲ. ತಡವರಿಸುತ್ತ, ಮರ್ಯಾದೆಯಿಂದ, ನಿಮ್ಮ ಒಳಿತಿಗೇ ಎಂಬಂತೆ ಮಾತಾಡುತ್ತಾನೆ. ನಮ್ಮ ಕಡೆ ಬರಬೇಡಿ, ಕೊಟ್ಟಿದ್ದಕ್ಕಿಂತ ಹೆಚ್ಚು ದುಡ್ಡು ಕೊಟ್ಟು ಮನೆ ವಾಪಸ್ ಕೊಳ್ಳುತ್ತೇವೆ ಎನ್ನುತ್ತಾನೆ. ಬೈಯುವವನನ್ನು ಬೈದು ಕಳಿಸಬಹುದು. ಇಂಥವನಿಗೆ ಮೊದಲು ಕುರ್ಚಿ ಕೊಟ್ಟು ಕೂರಿಸಿರುತ್ತೇವೆ.

ಇಷ್ಟೆಲ್ಲ ಮೆಚ್ಚಿದರೂ ಒಂದು ವಿಷಯ ಚುಚ್ಚುತ್ತಲೇ ಇದೆ. ಮನೆಗೆ ಮುಂಗಡ ಕೊಟ್ಟು ಉಳಿದ 6,500 ಡಾಲರನ್ನು ಲೀನಾ ವಾಲ್ಟರ್‌ನ ಕೈಗಿಡುತ್ತಾಳೆ. ಅದರಲ್ಲಿ 3,000 ತಂಗಿಯ ಓದಿಗೆ ಎತ್ತಿಡು ಎನ್ನುತ್ತಾಳೆ. ಅವನು ಅಷ್ಟನ್ನೂ ಗೆಳೆಯನನ್ನು ನಂಬಿ ಕಳೆದುಕೊಳ್ಳುತ್ತಾನೆ. ಬೆನೀತಾಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಡಾಕ್ಟರ್ ಯಾಕೆ, ನರ್ಸ್ ಆಗು, ಇಲ್ಲವೇ ಮದುವೆಯಾಗು ಅಂದಿದ್ದವನ ಕೈಯಲ್ಲೇ ಅವಳ ಓದು ಇತ್ತು! ಕೊನೆಯಲ್ಲಿ ವಾಲ್ಟರ್ ಲಿಂಡ್ನರ್‌ಗೆ ಆಗುವುದಿಲ್ಲ ಅಂದಾಗ ನನಗೂ ಕಣ್ಣು ತುಂಬಿತು ನಿಜ. ಮನೆ ಸಿಕ್ಕಿತು, ಅವನ ಮಾನ ಉಳಿಯಿತು. ಅವಳ ಫೀಸು?

ಮಗನ ಮೇಲಿನ ನಂಬಿಕೆ ಉಳಿಸಿಕೊಳ್ಳಲು ಲೀನಾ ಹಾಗೆ ಮಾಡಿದಳು, ನನಗೆ ಅರ್ಥವಾಗುತ್ತದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಹಾಗೇ ಮಾಡುತ್ತಿದ್ದೆನೇನೋ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಅವಳನ್ನು ನೀನು ಕ್ಷಮಿಸುತ್ತೀಯಾ? ಬಿಡುವಾದಾಗ ಬರೆ.

ನಿನ್ನ
ಅಮ್ಮ