ಗೇಟಿನ ಮುಂದೆ ಗಾಡಿ ನಿಲ್ಲಿಸುವ ಬಗ್ಗೆ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಸೋಮವಾರದಿಂದ ಶಾಲೆಯ ಗೇಟಿನ ತನಕ ಗಾಡಿ ಬಿಡುತ್ತಿಲ್ಲ, ಬೇವಿನಮರದ ತಿರುವಿನಲ್ಲೇ ನಿಲ್ಲಿಸಬೇಕು ಎಂದು ನಿಮ್ಮಲ್ಲಿ ಹಲವರಿಗೆ ಬೇಜಾರಾಗಿದೆ. ಕೆಲವರು ನನ್ನ ಕೋಣೆಗೇ ಬಂದು ಹೇಳಿದಿರಿ. ಒಬ್ಬರು ಬರೆದು ಕೊಟ್ಟಿದ್ದಾರೆ. ಊರೆಲ್ಲ ಹೊಗೆ ತುಂಬಿರುವಾಗ ಮಕ್ಕಳನ್ನು ಇನ್ನೂರು ಹೆಜ್ಜೆ ನಡೆಸಿದರೆ ಗಾಳಿ ಸರಿಹೋಗುತ್ತಾ ಎಂಬುದು ಅವರ ಪ್ರಶ್ನೆ.

ಕೇಳಬೇಕಾದ ಪ್ರಶ್ನೆಯೇ. ಊರ ಗಾಳಿ ಇದರಿಂದ ಸರಿಹೋಗುವುದಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿ ಕೆಟ್ಟಿರುವ ಊರುಗಳ ಪಟ್ಟಿಯಿದೆ, ಅದರಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜೊತೆ ನಮ್ಮ ದಾವಣಗೆರೆಯೂ ಇದೆ. ಲಾರಿ, ಟೆಂಪೋ, ಹೋಟೆಲಿನ ಸೌದೆ ಒಲೆ, ಮನೆಯ ಹಂಡೆ ಒಲೆ, ಬೀದಿಯಲ್ಲಿ ಕಸಕ್ಕೆ ಹಚ್ಚುವ ಬೆಂಕಿ, ಕೊಯ್ಲಾದ ಗದ್ದೆಯಲ್ಲಿ ಸುಡುವ ಹುಲ್ಲು, ಎಲ್ಲದರ ಪಾಲೂ ಇದೆ. ಮಂಡಕ್ಕಿ ಭಟ್ಟಿಯ ಹೊಗೆಯೂ ಸೇರುತ್ತದೆ. ಆದರೆ ಭಟ್ಟಿಯಲ್ಲಿ ದುಡಿಯುವವರ ಮಕ್ಕಳು ನಮ್ಮಲ್ಲೇ ಓದುತ್ತಿದ್ದಾರೆ. ಆ ದುಡಿಮೆಯನ್ನು ದೂರಲು ನನಗೆ ಮನಸ್ಸಿಲ್ಲ.

ನನ್ನ ಮಾತು ಗೇಟಿನದ್ದು ಮಾತ್ರ. ಸೌದೆಯಾಗಲಿ ಡೀಸೆಲ್ ಆಗಲಿ, ಪೂರ್ತಿ ಉರಿಯದೆ ಇದ್ದಾಗ ಇಂಗಾಲ ಮಸಿಯಾಗಿ ಉಳಿಯುತ್ತದೆ. ಸೌದೆ ಒಲೆಯ ಅಡುಗೆಮನೆ ಗೋಡೆ ಕಪ್ಪಾಗುತ್ತಿದ್ದುದು ಇದರಿಂದಲೇ. ನಮ್ಮ ಕೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಹೊಗೆಯ ಮಸಿ ಕಣ 2.5 ಮೈಕ್ರಾನಿಗಿಂತಲೂ ಸಣ್ಣದು. ಮೂಗು ಅದನ್ನು ತಡೆಯಲಾರದು, ಸೀದಾ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ. ಒಂದು ದಿನದ ಹೊಗೆಗೆ ಕ್ಯಾನ್ಸರ್ ಬಂದುಬಿಡುವುದಿಲ್ಲ, ಗಾಬರಿಯಾಗಬೇಡಿ. ಆದರೆ ನಮ್ಮ ಮಕ್ಕಳು ಇಲ್ಲಿ ಹತ್ತು ವರ್ಷ ಓದುತ್ತಾರೆ ಅಲ್ವಾ?

ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತದೆ, ಹೊಗೆ ಮೇಲೇಳದೆ ಅಲ್ಲೇ ನಿಲ್ಲುತ್ತದೆ. ಅದೇ ಹೊತ್ತಿಗೆ ಗೇಟಿನ ಮುಂದೆ ವ್ಯಾನು, ಆಟೋ, ಬೈಕು ಎಂಜಿನ್ ಆಫ್ ಮಾಡದೆ ಸಾಲುಗಟ್ಟುತ್ತವೆ. ಗೇಟಿನ ಒಳಗೇ ಪ್ರಾರ್ಥನೆ. ದೊಡ್ಡವರಿಗಿಂತ ಮಕ್ಕಳು ಬೇಗ ಬೇಗ ಉಸಿರಾಡುತ್ತಾರೆ. ಯುಕೆಜಿ ಮಗು ಗಾಡಿಯ ಹಿಂದೆ ನಿಂತರೆ ಅದರ ಮುಖ ನಮ್ಮ ಮುಖಕ್ಕಿಂತ ಸೈಲೆನ್ಸರಿಗೆ ಹತ್ತಿರ.

ಏಳನೇ ತರಗತಿಯವರು ಗೇಟಿಗೊಂದು, ಹಿಂದಿನ ಲೈಬ್ರರಿ ಕಿಟಕಿಗೊಂದು ಬಿಳಿ ಬಟ್ಟೆ ಕಟ್ಟಿದ್ದರು. ವಾರದ ನಂತರ ಎರಡನ್ನೂ ಒದರಿದರು, ಸೋಪು ಹಾಕಿ ಒಗೆದರು. ಕಿಟಕಿಯ ಬಟ್ಟೆ ಬೆಳ್ಳಗಾಯಿತು. ಗೇಟಿನದ್ದು ಆಗಲಿಲ್ಲ. ಎರಡೂ ನೋಟಿಸ್ ಬೋರ್ಡಿನಲ್ಲಿವೆ, ಬಂದಾಗ ನೋಡಿ.

ನಮ್ಮ ಗಾಡಿ ಹೊಸದು, ಬಿಎಸ್ 6 (ಹೊಗೆಗೆ ಸರ್ಕಾರ ಹಾಕಿದ ಬಿಗಿ ಮಿತಿ) ಎಂದು ಕೆಲವರು ಹೇಳಿದಿರಿ. ನಿಜ, ಏಪ್ರಿಲ್ 2020ರಿಂದ ಬಂದ ಆ ಗಾಡಿಗಳ ಹೊಗೆ ತುಂಬಾ ಕಡಿಮೆ. ಆದರೆ ಸಾಲಿನಲ್ಲಿ ಹಳೇ ಡೀಸೆಲ್ ಗಾಡಿಗಳೂ ಇರುತ್ತವೆ. ಯಾವುದು ಹೊಸದು, ಯಾವುದು ಹಳೆಯದು ಎಂದು ವಾಚ್‌ಮನ್ ದಿನಾ ಪರೀಕ್ಷೆ ಮಾಡಲಾಗುವುದಿಲ್ಲ. ಅದಕ್ಕೇ ನಿಯಮ ಎಲ್ಲರಿಗೂ ಒಂದೇ. ಶಿಕ್ಷಕರ ಗಾಡಿಗಳಿಗೂ, ನನ್ನ ಸ್ಕೂಟರಿಗೂ.

ಶಾಲೆಯೂ ತಪ್ಪು ಮಾಡಿದೆ. ಬಯಲಲ್ಲಿ ಕಸ ಸುಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿತ್ತು. ಆದರೂ ಹೋದ ವರ್ಷದವರೆಗೆ ಹಿತ್ತಲಲ್ಲಿ ಒಣಗಿದ ಎಲೆಗೆ ಬೆಂಕಿ ಹಚ್ಚುತ್ತಿದ್ದೆವು. ಒಬ್ಬ ತಾಯಿ ಬಂದು ಕೇಳಿದ ಮೇಲೆ ನಿಲ್ಲಿಸಿದೆವು. ಅವರಿಗೆ ನಾನು ಋಣಿ.

ನಡೆಯುವುದು ಕಷ್ಟ ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಕೈಯಲ್ಲಿ ಕೂಸು, ಬೆನ್ನಿಗೆ ಬ್ಯಾಗು, ಡ್ಯೂಟಿಗೆ ಹೊತ್ತು. ಮಳೆ ಬಂದ ದಿನ ಗೇಟಿನ ತನಕ ಬನ್ನಿ. ಮಗುವಿಗೆ ಕಾಲು ನೋವಿದ್ದರೆ, ಕರೆತರುವ ಅಜ್ಜ ಅಜ್ಜಿಗೆ ನಡೆಯಲಾಗದಿದ್ದರೆ ಒಂದು ಮಾತು ತಿಳಿಸಿ, ವಾಚ್‌ಮನ್ ಬಿಡುತ್ತಾರೆ. ಬೆಳಿಗ್ಗೆ ತಿರುವಿನಲ್ಲಿ ಇಬ್ಬರು ಶಿಕ್ಷಕರು ನಿಂತು ಚಿಕ್ಕವರನ್ನು ಕೈಹಿಡಿದು ಕರೆತರುತ್ತಾರೆ, ನೀವು ಅಲ್ಲಿಂದಲೇ ಹೊರಡಬಹುದು. ಉಳಿದಂತೆ ನಿಯಮ ಸಡಿಲವಾಗುವುದಿಲ್ಲ.

ದಯವಿಟ್ಟು ಬೇವಿನಮರದ ತಿರುವಿನಲ್ಲೇ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ.

ಹಿತ್ತಲಿನ ಎಲೆ ಈಗ ಗುಂಡಿಯಲ್ಲಿ ಗೊಬ್ಬರವಾಗಿದೆ. ಬೇಕಾದವರು ಶನಿವಾರ ಚೀಲ ತನ್ನಿ, ದುಡ್ಡೇನೂ ಇಲ್ಲ.

ನಿಮ್ಮ,
ಮುಖ್ಯ ಶಿಕ್ಷಕಿ