ಭಾನುವಾರದ ಸರ್ವಜ್ಞ ಓದು: ಸಮಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಬೆಳಿಗ್ಗೆ ಇದ್ದ ತ್ರಿಪದಿ ಓದು ಸಂಜೆ 5ಕ್ಕೆ ಹೋಗಿದೆ. ಜಾಗ ಅದೇ, ಗ್ರಂಥಾಲಯದ ಮಹಡಿ. ಆನ್‌ಲೈನ್‌ನಲ್ಲಿ ಸೇರುವವರಿಗೂ ಇದೇ ಸಮಯ, ಹಳೇ ಲಿಂಕೇ.

ಈ ಸಲದ ವಿಷಯ ಕಲಿಕೆ ಮತ್ತು ಗರ್ವ. ಸರ್ವಜ್ಞನಾದದ್ದು ಗರ್ವದಿಂದಲ್ಲ, ಸರ್ವರಲ್ಲಿ ಒಂದೊಂದು ನುಡಿ ಕಲಿತು ಎನ್ನುವ ಪದ್ಯದಿಂದ ಶುರು ಮಾಡೋಣ. ಒಬ್ಬರಿಗೆ ಒಂದೇ ತ್ರಿಪದಿ. ಮೂರು ಸಾಲು ಓದಿ, ಮನೆಯಲ್ಲೋ ಕೆಲಸದಲ್ಲೋ ಅದು ನಿಮಗೆ ಎಲ್ಲಿ ತಾಗಿತು ಅಂತ ಹೇಳಿದರೆ ಸಾಕು. ಭಾಷಣ ಬೇಡ (ಯಾರಿಗೆ ಹೇಳ್ತಿದ್ದೀನಿ ಅಂತ ಅವರಿಗೆ ಗೊತ್ತು 😄).

ಇನ್ನೊಂದು ಮಾತು. ಶುಭೋದಯದ ಚಿತ್ರಗಳಲ್ಲಿ ಕೊನೆಗೆ 'ಸರ್ವಜ್ಞ' ಅಂತಿದ್ದ ಮಾತ್ರಕ್ಕೆ ಪದ್ಯ ಅವನದಾಗುವುದಿಲ್ಲ, ಅಂಕಿತ ಯಾರು ಬೇಕಾದರೂ ಅಂಟಿಸಬಹುದು. ಉತ್ತಂಗಿ ಚನ್ನಪ್ಪನವರು ಕಷ್ಟಪಟ್ಟು ಕೂಡಿಹಾಕಿ 1924ರಲ್ಲಿ ಅಚ್ಚು ಮಾಡಿಸಿದ ಸಂಗ್ರಹವಿದೆ. ಅದರಲ್ಲೋ ಬೇರೆ ಒಳ್ಳೆಯ ಮುದ್ರಿತ ಪುಸ್ತಕದಲ್ಲೋ ನೋಡಿಕೊಂಡು ತನ್ನಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರಿನ ಜೊತೆ ಪದ್ಯದ ಮೊದಲ ಸಾಲನ್ನೂ ಇಲ್ಲೇ ಹಾಕಿ, ಒಂದೇ ಪದ್ಯ ಇಬ್ಬರು ತರುವುದು ತಪ್ಪುತ್ತದೆ. ಬರೀ 👍 ಲೆಕ್ಕಕ್ಕಿಲ್ಲ.