ತಟ್ಟೆಯನ್ನು ದಾಟಿಸಿದ ಗೆಳೆಯನಿಗೆ

ಪ್ರಿಯ ಗೆಳೆಯಾ,

ಯೇಸುವಿನ ಕಡೆಯ ಊಟವನ್ನು ನೆನೆದು ಚರ್ಚಿನಲ್ಲಿ ರೊಟ್ಟಿ ಹಂಚಿಕೊಳ್ಳುವ ಕಳೆದ ಪ್ರಭುಭೋಜನದಂದು ರೊಟ್ಟಿಯ ತಟ್ಟೆ ನಮ್ಮ ಸಾಲಿಗೆ ಬಂದಾಗ, ನೀನು ತುಂಡನ್ನು ತೆಗೆದುಕೊಳ್ಳದೆ, ಅದರ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು ನನ್ನ ಕಡೆಗೆ ದಾಟಿಸಿಬಿಟ್ಟೆ. ‘ಇದು ನನ್ನ ದೇಹ’ ಎಂಬ ಯೇಸುವಿನ ಮಾತು ಇನ್ನೂ ಕಿವಿಯಲ್ಲಿರುವಾಗಲೇ ನಿನ್ನ ದೇಹವೇ ನಿನಗೆ ಅಡ್ಡವಾಗಿ ನಿಂತಿತ್ತು. ಗಂಡಸನ್ನು ಪ್ರೀತಿಸುವ ನೀನು ಆ ತುಂಡಿಗೆ ತಕ್ಕವನಲ್ಲವೆಂದುಕೊಂಡಿದ್ದೆ; ಆ ಕಾರಣ ಗೊತ್ತಿದ್ದೂ ನಾನು ಸುಮ್ಮನೆ ಕುಳಿತೆ.

ಸಲಿಂಗಪ್ರೇಮ ಪಾಪವೆನ್ನಲು, ಯೇಸುವಿನ ಅಪೊಸ್ತಲ ಪೌಲನ ವಚನಗಳನ್ನು ನಿನಗೆ ಎಷ್ಟು ಜನ ಓದಿ ಹೇಳಿದ್ದಾರೋ ಲೆಕ್ಕವಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 6ನೆಯ ಅಧ್ಯಾಯದಲ್ಲಿರುವ ಎರಡು ಗ್ರೀಕ್ ಪದಗಳನ್ನು ಒಂದುಗೂಡಿಸಿ, ‘ಸಲಿಂಗಕಾಮಿಗಳು’ ಎಂಬ ಅರ್ಥದ ಪದವನ್ನು ಇಂಗ್ಲಿಷ್ ಬೈಬಲಿಗೆ ಮೊದಲು ತಂದದ್ದು 1946ರ ಪರಿಷ್ಕೃತ ಆವೃತ್ತಿ. ಹಾಗೆಂದು ಎಲ್ಲವನ್ನೂ ಅನುವಾದದ ತಪ್ಪೆಂದು ತಳ್ಳಿಹಾಕಲು ನನಗೆ ಮನಸ್ಸು ಒಪ್ಪದು. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯ ಕಠಿಣವಾಗಿಯೇ ಇದೆ. ಆದರೆ ಅಲ್ಲಿ ‘ಸ್ವಭಾವಕ್ಕೆ ವಿರುದ್ಧ’ ಎಂದು ಬೈದವನೇ 11ನೆಯ ಅಧ್ಯಾಯದಲ್ಲಿ ಅದೇ ಗ್ರೀಕ್ ನುಡಿಯನ್ನು, ಯೆಹೂದ್ಯರಲ್ಲದವರನ್ನೂ ತನ್ನ ಜನರೊಳಗೆ ಸೇರಿಸಿಕೊಂಡ ದೇವರ ಕೃಪೆಗೂ ಬಳಸುತ್ತಾನೆ: ಕಾಡು ಆಲಿವ್ ಕೊಂಬೆಯನ್ನು ತೋಟದ ಆಲಿವ್ ಮರಕ್ಕೆ ಕಸಿ ಕಟ್ಟಿದ್ದೂ ಸ್ವಭಾವಕ್ಕೆ ವಿರುದ್ಧವಾಗಿಯೇ.

ದೇಹವು ಪವಿತ್ರಾತ್ಮನ ಆಲಯವೆಂಬ ಮಾತನ್ನು ನಿನ್ನ ಮುಂದೆ ಬೇಲಿಯಂತೆ ನೆಟ್ಟಿದ್ದಾರೆ. ಪೌಲನು ಅದನ್ನು ಬರೆದದ್ದು ವೇಶ್ಯೆಯರ ಬಳಿಗೆ ಹೋಗುತ್ತಿದ್ದ ಗಂಡಸರನ್ನು ಎಚ್ಚರಿಸುತ್ತಾ. ಇನ್ನೊಬ್ಬರ ದೇಹವನ್ನು ಬಳಸಿ ಬಿಸಾಡಬಾರದು, ಕೊಟ್ಟ ಮಾತಿಗೆ ತಪ್ಪಬಾರದು ಎಂಬ ಈ ಶಿಸ್ತು ನಿನಗೂ ಇದೆ, ನನಗೂ ಇದೆ. ಅದನ್ನು ಸಡಿಲಿಸು ಎಂದು ನಾನು ಕೇಳುತ್ತಿಲ್ಲ. ನಿನಗೆ ಟೈಫಾಯಿಡ್ ಬಂದಾಗ ನಿನ್ನ ಸಂಗಾತಿ ರಾತ್ರಿಯಿಡೀ ನಿನ್ನ ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಬದಲಿಸುತ್ತಾ ಕುಳಿತದ್ದನ್ನು ನೋಡಿದ ಮೇಲೆ, ಆ ಶಿಸ್ತು ನಿಮ್ಮ ಮನೆಯಲ್ಲಿಲ್ಲವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಬ್ರಹ್ಮಚರ್ಯವನ್ನು ತಾವಾಗಿ ಆರಿಸಿಕೊಂಡ ಸಲಿಂಗಪ್ರೇಮಿ ಕ್ರೈಸ್ತರನ್ನು ಗೌರವಿಸುತ್ತೇನೆ. ಆದರೆ ಪೌಲನೇ ಅದನ್ನು ಕೆಲವರಿಗಷ್ಟೇ ದೊರೆತ ವರವೆಂದು ಕರೆದಿರುವಾಗ, ಒಂದು ಇಡೀ ಸಮುದಾಯದ ಮೇಲೆ ಅದನ್ನು ಆಜ್ಞೆಯಾಗಿ ಹೇರುವುದು ಯಾವ ನ್ಯಾಯ?

ನನಗೆ ಮತ್ತೆ ಮತ್ತೆ ನೆನಪಾಗುವವನು ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದ ಐಥಿಯೋಪ್ಯದ ಕಂಚುಕಿ, ಅಂದರೆ ಬೀಜ ಒಡೆಸಿದ ಅರಮನೆಯ ಅಧಿಕಾರಿ. ಅವನಂಥವರು ಸಭೆಗೆ ಸೇರಬಾರದೆಂದು ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡ ಸ್ಪಷ್ಟವಾಗಿ ಹೇಳುತ್ತದೆ. ರಥದಲ್ಲಿ ಅವನು ಓದುತ್ತಿದ್ದದ್ದು ಯೆಶಾಯನ 53ನೆಯ ಅಧ್ಯಾಯ; ಇನ್ನು ಮೂರೇ ಅಧ್ಯಾಯ ಮುಂದೆ ಹೋಗಿದ್ದರೆ, ಅವನಂಥವರಿಗೆ ಗಂಡು ಹೆಣ್ಣು ಮಕ್ಕಳಿಗಿಂತ ಶ್ರೇಷ್ಠವಾದ ಹೆಸರನ್ನು ದೇವರು ತನ್ನ ಮನೆಯಲ್ಲೇ ಕೊಡುವನೆಂಬ ವಾಗ್ದಾನ ಸಿಗುತ್ತಿತ್ತು. ನೀರು ಕಂಡೊಡನೆ, ತನ್ನ ದೀಕ್ಷಾಸ್ನಾನಕ್ಕೆ ಅಡ್ಡಿಯೇನೆಂದು ಅವನು ಕೇಳುತ್ತಾನೆ. ರಥದಲ್ಲಿ ಜೊತೆಗಿದ್ದು ಅವನಿಗೆ ಸುವಾರ್ತೆ ತಿಳಿಸಿದ ಫಿಲಿಪ್ಪನ ಬಳಿ, ಅಡ್ಡಿಯೆಂದು ಹೇಳಲು ಧರ್ಮೋಪದೇಶಕಾಂಡದ ಆ ಒಂದು ವಚನವಂತೂ ಇತ್ತು. ಅವನು ಅದನ್ನು ಹೇಳದೆ ಕಂಚುಕಿಯ ಜೊತೆ ನೀರಿಗಿಳಿದ.

ಮುಂದಿನ ಪ್ರಭುಭೋಜನಕ್ಕೆ ನಿನ್ನ ಸಂಗಾತಿಯನ್ನೂ ಕರೆದುಕೊಂಡು ಬಾ. ಈ ಸಲ ಸಾಲಿನ ತುದಿಯಲ್ಲಿ ನಾನು ಕೂರುತ್ತೇನೆ. ತಟ್ಟೆ ಮೊದಲು ನನ್ನ ಕೈಗೆ ಬರಲಿ.

ನಿನ್ನ ಗೆಳೆಯ